ಹದಿನಾರನೆಯ ಪುಟದಲ್ಲೇ ಮುಗಿದ ಕಾದಂಬರಿ

ಮೈದಾ ಹಿಟ್ಟು ನೀರಿನಲ್ಲಿ ಕುದಿದು ಗೋಂದಾಗುವ ವಾಸನೆ ಒಂದು. ಅದಕ್ಕೆ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದಾಗ ಮೂಗಿನ ತುದಿಯನ್ನು ಚುರ್ ಅನ್ನಿಸುವ ವಾಸನೆ ಇನ್ನೊಂದು. ಇವೆರಡೂ ಸೇರಿದರೆ ಅಂಟಪ್ಪನ ಬಾಲ್ಯ. ಬೇರೆ ಮಕ್ಕಳು ಅಮ್ಮನ ಮಡಿಲಲ್ಲಿ ನಿದ್ದೆ ಹೋಗುವ ವಯಸ್ಸಿನಲ್ಲಿ ಅವನು ಅಪ್ಪನ ಬೈಂಡಿಂಗ್ ಅಂಗಡಿಯ ರಟ್ಟಿನ ರಾಶಿಯ ಮೇಲೆ ಬಾಯಿ ತೆರೆದು ಮಲಗಿರುತ್ತಿದ್ದ. ಒಮ್ಮೆ ಆ ಗೋಂದನ್ನೇ ಗಂಜಿಯೆಂದು ತಿಳಿದು ಲೋಟಕ್ಕೆ ಬಗ್ಗಿಸಿಕೊಂಡಿದ್ದನಂತೆ. ತುಟಿಗೆ ತಾಗುವ ಮೊದಲೇ ಅಪ್ಪನ ಕೈ ಬೆನ್ನಿಗೆ ತಾಗಿ ಜೀವ ಉಳಿಯಿತು.

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅವನ ಕೈ ಕುಲುಕಿದವರೆಲ್ಲ ತಮ್ಮ ಕೈ ವಾಪಸು ಪಡೆಯಲು ಸ್ವಲ್ಪ ಹೆಣಗಬೇಕಾಗುತ್ತಿದ್ದುದರಿಂದ ಬೀದಿಯವರು ಅಂಟಪ್ಪ ಎಂದರು. ಅದೂ ಅಂಟಿಕೊಂಡಿತು.

ಅಪ್ಪ ಬಿಟ್ಟುಹೋದ ಆಸ್ತಿ ಕಾಗದ ಕತ್ತರಿಸುವ ಒಂದು ಮೆಷಿನ್ನು, ಒಂದು ಬೋರ್ಡು, ಒಂದು ಬುದ್ಧಿಮಾತು. ಬೋರ್ಡಿನ ಮೇಲೆ ‘ಇಲ್ಲಿ ಫಾರಂ ತಪ್ಪುವುದಿಲ್ಲ’ ಎಂದು ಬರೆದಿತ್ತು. ಫಾರಂ ಎಂದರೆ ಹದಿನಾರು ಪುಟಗಳ ಒಂದು ಮಡಿಕೆ. ಅಂಥ ಇಪ್ಪತ್ತೈದು ಮಡಿಕೆಗಳನ್ನು ವರಸೆಯಾಗಿ ಹೊಲಿದರೆ ನಾನೂರು ಪುಟದ ಪುಸ್ತಕ. ವರಸೆ ತಪ್ಪಿಸಿದ ಬೈಂಡರ್‌ಗೂ ಬೇರೆಯವರ ಮಗುವನ್ನು ಎತ್ತಿಕೊಂಡು ಮನೆಗೆ ಹೋದವನಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಇನ್ನು ಬುದ್ಧಿಮಾತು: “ಮಗನೇ, ಪುಸ್ತಕದ ಹೊರಗಡೆ ಇರು. ಒಳಗೆ ಹೋದವನಿಗೆ ಬಾಗಿಲು ಸಿಗಲ್ಲ.”

ಅಂಟಪ್ಪ ಮೂವತ್ತು ವರ್ಷ ಹೊರಗಡೆಯೇ ಇದ್ದ. ಸಾವಿರಾರು ಪುಸ್ತಕ ಹೊಲಿದ, ಒಂದು ಸಾಲು ಓದಲಿಲ್ಲ. ಹಾಗೆಂದು ಅಭಿಪ್ರಾಯಕ್ಕೇನೂ ಕೊರತೆ ಇರಲಿಲ್ಲ. ಕೈಯಲ್ಲಿ ತೂಗಿ, ಮೂಗಿಗೆ ಹಿಡಿದು, “ಇದು ಕಾನೂನು, ಒಣಕಲು”, “ಇದು ಪ್ರೇಮ, ಒದ್ದೆ ಕಾಗದ” ಎಂದು ಹೇಳಿಬಿಡುತ್ತಿದ್ದ. ಯಾರೂ ಎದುರಾಡಿರಲಿಲ್ಲ. ಅವರೂ ಓದಿರುತ್ತಿರಲಿಲ್ಲವಲ್ಲ.

ಎದುರಾಡಿದವಳು ಅವನ ಹದಿನಾರು ವರ್ಷದ ಮಗಳು.

ಲೈಬ್ರರಿಯಿಂದ ಬಂದ ಹರಕು ಪುಸ್ತಕಗಳಲ್ಲಿ ‘ಬೂದಿಬೆಟ್ಟದ ರಾಣಿ’ ಎಂಬ ಕಾದಂಬರಿಯೂ ಇತ್ತು. ಓದಿ ಓದಿ ರಟ್ಟು ಹೋಗಿತ್ತು, ಹೊಲಿಗೆ ಬಿಟ್ಟಿತ್ತು, ಅಂಚುಗಳು ಇಲಿ ತಿಂದ ರೊಟ್ಟಿಯಂತಾಗಿದ್ದವು. ಓದಿ ಹರಿದವರಲ್ಲಿ ಮಗಳದೇ ದೊಡ್ಡ ಪಾಲು. ನಾಲ್ಕು ಸಲ ಓದಿದ್ದಳು. ಕಾಲೇಜು ಮುಗಿಸಿ ನೇರ ಅಂಗಡಿಗೆ ಬಂದು ಮೇಜಿನ ಮುಂದೆ ನಿಂತಳು.

“ಅಪ್ಪ, ಇದನ್ನ ಜೋಪಾನವಾಗಿ ಮಾಡು.”

“ಏನಿದೆ ಇದರಲ್ಲಿ ಅಂಥದ್ದು?”

“ಒಬ್ಬ ಹುಡುಗಿಗೆ ಬೂದಿಯಲ್ಲಿ ಒಂದು ಡ್ರ್ಯಾಗನ್ ಮೊಟ್ಟೆ ಸಿಗುತ್ತೆ. ಆಮೇಲೆ ಅವಳು...”

ಅಂಟಪ್ಪ ಪುಸ್ತಕವನ್ನು ಮೂಗಿಗೆ ಹಿಡಿದ. “ರೆಕ್ಕೆ ಇರೋ ಹಲ್ಲಿ, ಗಡ್ಡ ಇರೋ ಮಂತ್ರವಾದಿ, ಕಿರೀಟ ಇಲ್ಲದ ರಾಜಕುಮಾರಿ. ಕೆಲಸ ಇಲ್ಲದವರು ಬರೆದು ಕೆಲಸ ಇಲ್ಲದವರು ಓದೋದು. ಕಾಗದ ಮಾತ್ರ ಚೆನ್ನಾಗಿದೆ.”

ಮಗಳ ಮುಖ ಕೆಂಪಾಯಿತು. “ನೀನು ಒಂದು ಪುಟ ಆದ್ರೂ ಓದಿದೀಯಾ? ಯಾವ ಪುಸ್ತಕದ್ದಾದ್ರೂ? ಮೊದಲು ಓದು, ಆಮೇಲೆ ಹೇಳು. ಅಲ್ಲಿವರೆಗೂ ನನ್ನ ಹತ್ತಿರ ಮಾತಾಡಬೇಡ.”

ಹೊರಟೇಹೋದಳು. ಬಾಗಿಲು ಬಡಿದ ರಭಸಕ್ಕೆ ಅಪ್ಪನ ಬೋರ್ಡು ಒಂದು ಬೆರಳು ವಾಲಿತು.

ಅಂಟಪ್ಪ ಆ ಸಿಟ್ಟಿನಲ್ಲೇ ಸೂಜಿಗೆ ದಾರ ಪೋಣಿಸಿದ. ಹೊಲಿಗೆ ಯಾವಾಗಲೂ ಕೊನೆಯ ಫಾರಂನಿಂದ ಶುರುವಾಗಬೇಕು. ಒಂದರ ಮೇಲೊಂದು ಕೂರಿಸುತ್ತಾ ಬಂದರೆ ಮೊದಲನೆಯದು ಮೇಲೆ ಬಂದು ಕೂರುತ್ತದೆ. ಇದು ಆ ಕಸುಬಿನ ಅ ಆ ಇ ಈ. ಆದರೆ ಅಂದು ಅವನ ಬಾಯಿ “ನನಗೇ ಹೇಳ್ತಾಳೆ, ಓದು ಅಂತ” ಎಂದು ಗೊಣಗುತ್ತಿತ್ತು, ಕೈ ಮೊದಲ ಫಾರಂ ಎತ್ತಿಕೊಂಡು ತಳಕ್ಕೆ ಇಟ್ಟುಬಿಟ್ಟಿತು. ಅದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು. ಕೊನೆಗೆ ಇಪ್ಪತ್ತೈದನೆಯದು ರಾಜನಂತೆ ಎಲ್ಲಕ್ಕಿಂತ ಮೇಲೆ ಕೂತಿತು. ಆಮೇಲೆ, ಮಗಳು ಜೋಪಾನ ಅಂದಿದ್ದಾಳಲ್ಲ ಎಂದು ಹರಿದ ಅಂಚನ್ನು ಮೆಷಿನ್ನಿಗೆ ಕೊಟ್ಟು ಬೆಣ್ಣೆಯಂತೆ ಕತ್ತರಿಸಿದ. ಆ ಅಂಚಿನ ಜೊತೆಗೆ ಅಷ್ಟೂ ಪುಟಸಂಖ್ಯೆಗಳು ಕಸದ ಬುಟ್ಟಿ ಸೇರಿದವು. ಗಟ್ಟಿ ರಟ್ಟು, ನೀಲಿ ಬಟ್ಟೆ, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಅವನ ಜೀವಮಾನದ ಅತ್ಯುತ್ತಮ ಬೈಂಡಿಂಗ್ ಅದು. ಪುಸ್ತಕ ಹಿಂದುಮುಂದಾಗಿತ್ತು ಎಂಬುದೊಂದನ್ನು ಬಿಟ್ಟರೆ ಎಲ್ಲವೂ ಸರಿಯಾಗಿತ್ತು.

ಮಗಳು ಮಾತು ಬಿಟ್ಟಿದ್ದು ನಿಜಕ್ಕೂ ಬಿಟ್ಟಿದ್ದೇ. ಒಂದೇ ಕೋಣೆಯಲ್ಲಿ ಕೂತು, “ಅಮ್ಮ, ಅಪ್ಪನಿಗೆ ಹೇಳು, ಕನ್ನಡಕದ ಮೇಲೆ ಕೂತಿದ್ದಾರೆ ಅಂತ” ಎನ್ನುತ್ತಿದ್ದಳು. ಹೆಂಡತಿ ಹೇಳುವಷ್ಟರಲ್ಲಿ ಕನ್ನಡಕ ಹೋಗಿರುತ್ತಿತ್ತು.

“ರೀ, ನಾನೇನು ಟಪಾಲಿನವಳಾ?” ಎಂದು ಹೆಂಡತಿ ನಾಲ್ಕನೆಯ ದಿನ ರೇಗಿದಳು. “ನಾನೂರು ಪುಟ ಓದಿದರೆ ನೀವೇನು ಸವೆದುಹೋಗ್ತೀರಾ?”

ಅಂಟಪ್ಪನಿಗೆ ಸವೆಯುವ ಭಯವಿರಲಿಲ್ಲ. ಮನೆಯಲ್ಲಿ ಆ ಹುಡುಗಿಯ ಗಲಗಲ ಇಲ್ಲದೆ ಗೋಡೆಗಳೆಲ್ಲ ಹತ್ತಿರ ಬಂದಂತಾಗಿತ್ತು, ಅಷ್ಟೆ. ಮಾರನೆಯ ದಿನ ಅಂಗಡಿಯಲ್ಲಿ, ಒಡೆದ ಕನ್ನಡಕ ಮೂಗಿಗೇರಿಸಿ, ಜೀವನದಲ್ಲಿ ಮೊದಲ ಬಾರಿಗೆ ತಾನೇ ಹೊಲಿದ ಪುಸ್ತಕವನ್ನು ತೆರೆದ.

ಮೊದಲ ಸಾಲು, “ಎಂದು ಹೇಳಿ ರಾಣಿ ಕೊನೆಯುಸಿರೆಳೆದಳು” ಎಂದಿತ್ತು.

ಕಾದಂಬರಿಗಳು ಹೀಗೇ ಶುರುವಾಗುತ್ತವೇನೋ ಎಂದುಕೊಂಡ. ಮೊದಲನೆಯದಾದ್ದರಿಂದ ಹೋಲಿಸಲು ಬೇರೇನೂ ಇರಲಿಲ್ಲ. ಹದಿನಾರನೆಯ ಪುಟದ ತಳದಲ್ಲಿ ‘ಮುಗಿಯಿತು’ ಎಂದಿತ್ತು. ಪಕ್ಕದ ಪುಟದಲ್ಲಿ ಸತ್ತ ರಾಣಿ ಕುದುರೆ ಹತ್ತಿ ಶತ್ರುಗಳನ್ನು ತರಿಯುತ್ತಿದ್ದಳು. “ಭೇಷ್! ಸತ್ತ ಮೇಲೂ ಎಷ್ಟು ಚಟುವಟಿಕೆ!” ಎಂದು ಅಂಟಪ್ಪ ತಲೆದೂಗಿದ. ಮುಂದೆ ಮಂತ್ರವಾದಿಯ ಮಾರುದ್ದ ಗಡ್ಡ ಮೊಳವಾಯಿತು, ಗೇಣಾಯಿತು, ಕೊನೆಗೆ ಅವನು ಮೀಸೆಯೂ ಮೂಡದ ಶಿಷ್ಯನಾದ. ಒಂದು ಕಡೆ ಸೇನಾಪತಿ ಕತ್ತಿ ಹಿರಿದು ಗರ್ಜಿಸಿ ಶತ್ರುವಿನ ಮೇಲೆ ನೆಗೆದು, ಪಕ್ಕದ ಪುಟಕ್ಕೆ ಬಂದರೆ, “ಅಜ್ಜಿಯ ಪಕ್ಕ ಕೂತು ಹುರುಳಿ ಆರಿಸತೊಡಗಿದ.” ಮಾಯಾಲೋಕದಲ್ಲಿ ಯಾವುದು ತಾನೇ ಆಗುವುದಿಲ್ಲ!

ಆದರೆ ಆ ಡ್ರ್ಯಾಗನ್ ಮಾತ್ರ ಅಂಟಪ್ಪನನ್ನು ಹಿಡಿದುಕೊಂಡಿತು. ಬೆಟ್ಟದಂತಿದ್ದದ್ದು ಆನೆಯಷ್ಟಾಯಿತು, ಕುದುರೆಯಷ್ಟಾಯಿತು, ನಾಯಿಮರಿಯಂತೆ ಹುಡುಗಿಯ ಹಿಂದೆ ಓಡಿತು, ಕೊನೆಯ ಪುಟಗಳಲ್ಲಿ ಮೊಟ್ಟೆಯಾಯಿತು. ಆ ಪುಟ್ಟ ಹುಡುಗಿ ಮೊಟ್ಟೆಗೆ ಕಂಬಳಿ ಹೊದಿಸಿ, “ಹೆದರಬೇಡ, ನಾನು ಇಲ್ಲೇ” ಎಂದಳು. ಅಲ್ಲಿಗೆ ಪುಸ್ತಕವೇ ಮುಗಿದಿತ್ತು. ವಾಕ್ಯ ಮುಗಿದಿರಲಿಲ್ಲ. ಅಂಟಪ್ಪ ಕಣ್ಣೊರೆಸಿಕೊಂಡ, ಬೆರಳಿನ ಗೋಂದು ರೆಪ್ಪೆಗೆ ಹತ್ತಿ ಒಂದು ಕಣ್ಣು ಸಂಜೆಯವರೆಗೂ ತೆರೆಯಲಿಲ್ಲ.

ಆ ಒಂದೇ ಕಣ್ಣಿನಲ್ಲಿ ಲೈಬ್ರರಿಗೆ ಹೋಗಿ ಪುಸ್ತಕ ಒಪ್ಪಿಸಿದ. ಬಾಗಿಲ ಬಳಿ ‘ಓದುಗರ ಅಭಿಪ್ರಾಯ’ ಎಂಬ ಪುಸ್ತಕವಿತ್ತು. ದಾರ ಕಟ್ಟಿದ ಪೆನ್ನಿತ್ತು. ಹನ್ನೊಂದು ವರ್ಷದಿಂದ ಅದರಲ್ಲಿ ‘ಫ್ಯಾನ್ ಕೆಟ್ಟಿದೆ’ ಎಂಬುದರ ಹೊರತು ಬೇರೆ ಅಭಿಪ್ರಾಯ ದಾಖಲಾಗಿರಲಿಲ್ಲ. ಮಗಳು ಆಗಾಗ ಇಲ್ಲಿಗೆ ಬರುತ್ತಾಳೆ, ಕಾಣಲಿ ಎಂದು ಅಂಟಪ್ಪ ಬರೆದ:

‘ಬೂದಿಬೆಟ್ಟದ ರಾಣಿ ಓದಿದೆ. ಪೂರ್ತಿ. ಬರೆದವರಿಗೆ ನಮಸ್ಕಾರ. ಸಾವಿನಿಂದ ಶುರು ಮಾಡಿ ಮೊಟ್ಟೆಯಲ್ಲಿ ನಿಲ್ಲಿಸಿದ್ದಾರೆ. ಎಲ್ಲ ಗೆದ್ದವರು ಕೊನೆಗೆ ಚಿಕ್ಕವರಾಗಬೇಕು ಎಂದು ತೋರಿಸಿದ್ದಾರೆ. ಹದಿನಾರನೇ ಪುಟದಲ್ಲಿ ಮುಗಿಯಿತು ಎಂದು ಹೇಳಿಯೂ ನಿಲ್ಲಿಸದ ಧೈರ್ಯ ದೊಡ್ಡದು. ಡ್ರ್ಯಾಗನ್ ಮೊಟ್ಟೆಗೆ ವಾಪಸು ಹೋದಾಗ ಅತ್ತೆ. ಇದನ್ನು ಕೆಲಸ ಇಲ್ಲದವರ ಕಥೆ ಎಂದವನು ಕತ್ತೆ. — ಬೈಂಡರ್.’

ಲೈಬ್ರರಿ ಮೇಡಂ ಬಹಳ ಒಳ್ಳೆಯ ಹೆಂಗಸು. ನಿದ್ದೆ ಹೋದ ಓದುಗರ ಕೈಯಿಂದ ಪುಸ್ತಕ ಜಾರದಂತೆ ಮೆಲ್ಲಗೆ ತೆಗೆದು, ಓದುತ್ತಿದ್ದ ಪುಟಕ್ಕೆ ಗುರುತು ಇಟ್ಟು, ಬದಿಗಿಡುವವರು. ಅವರು ಈ ಅಭಿಪ್ರಾಯ ಓದಿ, ತಮ್ಮ ದುಂಡು ಅಕ್ಷರದಲ್ಲಿ ದೊಡ್ಡ ಹಾಳೆಗೆ ನಕಲು ಮಾಡಿ ನೋಟಿಸ್ ಬೋರ್ಡಿಗೆ ಚುಚ್ಚಿದರು. ಅನಾಹುತಗಳನ್ನು ಹೆಚ್ಚಾಗಿ ಒಳ್ಳೆಯವರೇ ಶುರು ಮಾಡುವುದು.

ಮೊದಲು ಬಂದವರು ನಿವೃತ್ತ ಜಡ್ಜ್ ಸಾಹೇಬರು. ಮಕ್ಕಳ ಕಪಾಟಿನತ್ತ ಎಂದೂ ತಿರುಗದ ಅವರು ಪುಸ್ತಕ ಒಯ್ದು, ಎರಡು ದಿನದಲ್ಲಿ ಓದಿ, “ಈ ಕಾದಂಬರಿ ಕಾಲವನ್ನೇ ಕಟಕಟೆಗೆ ಹತ್ತಿಸಿದೆ” ಎಂದು ತೀರ್ಪಿತ್ತು, ಮತ್ತೊಮ್ಮೆ ಒಯ್ದರು. ಆಮೇಲೆ ಸರತಿ ಮೂವತ್ತೊಂದು ಜನಕ್ಕೆ ಮುಟ್ಟಿತು. ಅರ್ಥವಾಗದವರೂ ಇದ್ದರು. ಆದರೆ ಜಡ್ಜ್ ಸಾಹೇಬರಿಗೆ ಅರ್ಥವಾದದ್ದು ತಮಗಾಗಿಲ್ಲ ಎಂದು ಹೇಳುವ ಎದೆ ಯಾರಿಗಿತ್ತು?

ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಭಾವಮೈದ ಕೆಲಸ ಬಿಟ್ಟು ಓಡಿಬಂದ. “ಭಾವ, ನೀವು ವಿಮರ್ಶಕರು ಅಂತ ನನಗೆ ಮೊದಲೇ ಗೊತ್ತಿತ್ತು. ನಮ್ಮಕ್ಕನ ಪ್ರತಿಯೊಂದು ಮಾತಿಗೂ ಮುಖ ಸಿಂಡರಿಸ್ತಿದ್ರಲ್ಲ! ಆಫೀಸಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದೀನಿ.”

“ಏನಂತ ಹೇಳಿದೀಯೋ?”

“ನಮ್ಮ ಭಾವ ಓದದೆ ಯಾವ ಪುಸ್ತಕವನ್ನೂ ಹೊಲಿಯಲ್ಲ ಅಂತ.”

ಪಕ್ಕದ ಅಂಗಡಿಯ ದರ್ಜಿ ದಿನಕ್ಕೆರಡು ಸಲ ಬರತೊಡಗಿದ. “ಅಂಟಪ್ಪನವರೇ, ನಮ್ಮ ಅಳಿಯ ಕವನ ಬರೀತಾನೆ. ನಿಲ್ಲಿಸೋಕೆ ನಿಮ್ಮಲ್ಲಿ ಏನಾದ್ರೂ ಉಪಾಯ ಇದೆಯಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದ. ಅಂಟಪ್ಪ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದ. ಕೈ ಗಲ್ಲಕ್ಕೆ ಅಂಟಿದ್ದರಿಂದ ಯೋಚನೆ ಸ್ವಲ್ಪ ದೀರ್ಘವಾಯಿತು, ದರ್ಜಿಯ ಗೌರವ ಇನ್ನೂ ಹೆಚ್ಚಾಯಿತು.

ಇಷ್ಟೆಲ್ಲ ಯಾರಿಗಾಗಿ ನಡೆದಿತ್ತೋ ಅವಳು ಹನ್ನೆರಡನೆಯ ದಿನ ನೋಟಿಸ್ ಬೋರ್ಡು ಓದಿ ಮನೆಗೆ ಬಂದಳು. ಅಂಟಪ್ಪ ಬಾಗಿಲಲ್ಲೇ ಕಾದಿದ್ದ, ಮುಖದ ತುಂಬ ನಗು.

“ಅಪ್ಪ.”

“ಹೇಳಮ್ಮಾ!”

“ನೀನು ಓದೇ ಇಲ್ಲ.”

ನಗು ಅಲ್ಲೇ ನಿಂತಿತು, ಇಳಿಯಲು ದಾರಿ ತಿಳಿಯದೆ.

“ಡ್ರ್ಯಾಗನ್ ಮೊಟ್ಟೆ ಒಳಗೆ ಹೋಗಲ್ಲ ಅಪ್ಪ, ಮೊಟ್ಟೆಯಿಂದ ಬರುತ್ತೆ. ರಾಣಿ ಸಾಯೋದು ಕೊನೇಲಿ. ಓದಿಲ್ಲ ಅಂದ್ರೆ ಓದಿಲ್ಲ ಅನ್ನು, ನನಗೇನೂ ಬೇಜಾರಿಲ್ಲ. ಯಾರೋ ಹೇಳಿದ್ದನ್ನ ತಪ್ಪುತಪ್ಪಾಗಿ ಕೇಳಿಸ್ಕೊಂಡು, ಅತ್ತೆ ಅಂತ ಬೇರೆ ಬರೆದಿದೀಯ. ಸುಳ್ಳು ಯಾಕೆ?”

“ದೇವರಾಣೆ ಓದಿದೀನಿ! ಒಂದು ಕಣ್ಣೇ ಅಂಟಿಕೊಂಡಿತ್ತು!”

ಕೋಣೆಯ ಬಾಗಿಲು ಹಾಕಿಕೊಂಡಿತು. ಈ ಸಲ ಬಡಿಯಲಿಲ್ಲ. ಮೆಲ್ಲಗೆ ಹಾಕಿಕೊಂಡ ಬಾಗಿಲು ಬಡಿದ ಬಾಗಿಲಿಗಿಂತ ಕೆಟ್ಟದ್ದು ಎಂದು ಅಂಟಪ್ಪನಿಗೆ ಆ ಹೊತ್ತು ತಿಳಿಯಿತು.

ಅಲ್ಲೇ ನಿಂತು ಅವನು ಬೆರಳು ಮಡಿಸತೊಡಗಿದ. ಮೊಟ್ಟೆ ಮೊದಲು. ರಾಣಿ ಕೊನೆಗೆ. ಇಪ್ಪತ್ತೈದು ಮೇಲೆ. ಒಂದು ತಳಕ್ಕೆ. ಕತ್ತರಿಸಿದ ಅಂಚು. ಮೂವತ್ತು ವರ್ಷದ ಬೈಂಡರ್ ಚಪ್ಪಲಿಯೂ ಮೆಟ್ಟದೆ ಅಂಗಡಿಗೆ ಓಡಿ ಕಸದ ಬುಟ್ಟಿ ಮಗುಚಿದ. ನೂಲಿನಂಥ ಕಾಗದದ ಎಳೆಗಳ ನಡುವೆ ೩೯೭ ಎಂಬ ಅಂಕಿ ಅವನನ್ನು ನೋಡಿತು. ತಲೆಯೆತ್ತಿದರೆ ಎದುರಿಗೆ ‘ಇಲ್ಲಿ ಫಾರಂ ತಪ್ಪುವುದಿಲ್ಲ’.

ತಪ್ಪೊಪ್ಪಿಕೊಂಡರೆ ಮಗಳು ನಂಬುತ್ತಾಳೆ. ಆದರೆ ಅಪ್ಪನ ಕಾಲದಿಂದ ಯಾರೂ ಬೆರಳು ತೋರಿಸದ ಅಂಗಡಿಯ ಕತೆ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಅಂಟಪ್ಪ ಮನುಷ್ಯರು ಸಾಮಾನ್ಯವಾಗಿ ಮಾಡುವುದನ್ನೇ ಮಾಡಿದ. ಯಾರಿಗೂ ತಿಳಿಯದಂತೆ ಪುಸ್ತಕ ತಂದು, ಬಿಚ್ಚಿ, ಸರಿಮಾಡಿ, ಇಟ್ಟುಬಿಡುವುದು ಎಂದು ಹೊರಟ.

ಪುಸ್ತಕ ಜಡ್ಜ್ ಸಾಹೇಬರ ಮನೆಯಲ್ಲಿತ್ತು, ಮೂರನೆಯ ಸಲಕ್ಕೆ.

“ಸಾಹೇಬರೇ, ಅದರ ಗೋಂದು ಸ್ವಲ್ಪ ಬಿಟ್ಟಿರಬಹುದು. ಒಂದು ದಿನದ ಮಟ್ಟಿಗೆ ಕೊಟ್ಟರೆ...”

ಸಾಹೇಬರು ಪುಸ್ತಕವನ್ನು ಎರಡು ರಟ್ಟು ಹಿಡಿದು ಜಗ್ಗಿದರು, ಕೊಡವಿದರು, ತಲೆಕೆಳಗು ಹಿಡಿದು ತೂಗಿದರು. “ಒಂದು ಎಳೆ ಬಿಟ್ಟಿಲ್ಲ ಕಣಯ್ಯ! ಇಂಥ ಬೈಂಡಿಂಗ್ ನನ್ನ ಆಯುಷ್ಯದಲ್ಲೇ ನೋಡಿಲ್ಲ. ನಾನು ಸತ್ತರೂ ಇದು ಬಿಡಲ್ಲ.”

“ಆದರೂ ಒಳಗಡೆ...”

“ಒಳಗಡೆ ನಿನಗೇ ಗೊತ್ತಲ್ಲ! ವಿನಯ ಬೇಡಯ್ಯ. ಅಂದಹಾಗೆ, ಮೇಡಂ ನಿನ್ನ ಅಭಿಪ್ರಾಯವನ್ನ ಬರೆದವಳಿಗೇ ಕಳಿಸಿದ್ದರಂತೆ. ಆ ಹುಡುಗಿ ಭಾನುವಾರ ಬೆಳಿಗ್ಗೆ ಬರ್ತಾ ಇದ್ದಾಳೆ, ನಿನ್ನನ್ನ ನೋಡೋಕೆ.”

ಅಂಟಪ್ಪ ಗೇಟಿನವರೆಗೂ ಹಿಂದು ಹಿಂದಕ್ಕೇ ನಡೆದುಹೋದ. ಸಾಹೇಬರು ಅದನ್ನು ಗೌರವವೆಂದುಕೊಂಡರು.

ಭಾನುವಾರ ಲೈಬ್ರರಿಯ ಹಾಲ್ ಭರ್ತಿಯಾಗಿತ್ತು. ನೀರಿನ ಕಚೇರಿಯ ಇಡೀ ಸಿಬ್ಬಂದಿಯನ್ನು ಭಾವಮೈದ ಕರೆತಂದಿದ್ದ. ದರ್ಜಿ ಅಳಿಯನನ್ನು ಕರೆತಂದಿದ್ದ, ಎಚ್ಚರಿಕೆಗೆಂದು. ಲೈಬ್ರರಿಯ ಮುಖ್ಯ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದು ಕುರ್ಚಿಗಳನ್ನು ಎಣಿಸುತ್ತಿದ್ದರು. ಲೇಖಕಿ ಬಸ್ಸಿನಲ್ಲಿ ಬಂದ ಸಣ್ಣ ಪ್ರಾಯದ ಹುಡುಗಿ. ಅವಳ ಬೆವರು ನೋಡಿ ಮೇಡಂ ಸರಿಯಿದ್ದ ಒಂದೇ ಫ್ಯಾನನ್ನು ಅವಳ ಕಡೆ ತಿರುಗಿಸಿದರು. ಮಗಳು ಕೊನೆಯ ಸಾಲಿನಲ್ಲಿ, ಕೈಕಟ್ಟಿ ಕೂತಿದ್ದಳು.

ಜಡ್ಜ್ ಸಾಹೇಬರು ಮೈಕ್ ಹಿಡಿದರು. “ನಾಯಕಿಯನ್ನು ಆರಂಭದಲ್ಲೇ ಕೊಂದು, ‘ಮುಗಿಯಿತು’ ಎಂದು ಘೋಷಿಸಿ, ಆಮೇಲೆ ಮುನ್ನೂರ ಎಂಬತ್ತು ಚಿಲ್ಲರೆ ಪುಟ ಬರೆದ ಈ ಧೈರ್ಯ...”

ಲೇಖಕಿ ಮೆಲ್ಲಗೆ ಕೈಯೆತ್ತಿದಳು. “ಸರ್, ಕ್ಷಮಿಸಿ. ನನ್ನ ಪುಸ್ತಕದಲ್ಲಿ ರಾಣಿ ಕೊನೇಲಿ ಸಾಯ್ತಾಳೆ.”

“ಅದು ನಿಮ್ಮ ಅಭಿಪ್ರಾಯ,” ಎಂದರು ಸಾಹೇಬರು, ಸಂಯಮದಿಂದ.

“ಅಲ್ಲ ಸರ್, ನಾನೇ ಬರೆದದ್ದು.”

“ಬರೆದವರಿಗೆ ಎಲ್ಲವೂ ತಿಳಿಯಬೇಕೆಂದಿಲ್ಲಮ್ಮ. ಸಾಕ್ಷಿ ಇಲ್ಲಿದೆ.” ಪುಸ್ತಕ ಎತ್ತಿ ತೋರಿಸಿದರು.

ಅಧಿಕಾರಿ ಅದನ್ನು ಕಸಿದುಕೊಂಡು ಹಾಳೆ ತಿರುವಿದರು. “ಪುಟಸಂಖ್ಯೆಯೇ ಇಲ್ಲ! ಇದು ಕಳ್ಳ ಪ್ರತಿ! ಮೇಡಂ, ಎಲ್ಲಿಂದ ತರಿಸಿದ್ರಿ? ಸರ್ಕಾರದ ಕಪಾಟಿನಲ್ಲಿ ಕಳ್ಳ ಪ್ರತಿ ಇಟ್ಟಿದ್ದಕ್ಕೆ ನಾಳೆಯೇ ಲಿಖಿತ ವಿವರಣೆ ಬೇಕು.”

ಮೇಡಂ ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು. “ಸರ್, ನಾನು...” ಎಂದರು. ಅಂಟಪ್ಪ ಹಿಂತಿರುಗಿ ನೋಡಿದ. ಮಗಳು ಕಟ್ಟಿದ ಕೈ ಬಿಟ್ಟು, ಮೇಡಂ ಅವರನ್ನೇ ನೋಡುತ್ತಿದ್ದಳು.

ಅಂಟಪ್ಪ ಎದ್ದ. ಕುರ್ಚಿಯೂ ಅವನ ಜೊತೆ ಅರ್ಧ ಎದ್ದಿತು.

“ಭಾವ, ಕೂತ್ಕೊಳ್ಳಿ,” ಎಂದು ಭಾವಮೈದ ಅಂಗಿ ಜಗ್ಗಿದ. “ನಮ್ಮ ಸೂಪರಿಂಟೆಂಡೆಂಟ್ ಬಂದಿದ್ದಾರೆ!”

“ಕಳ್ಳ ಪ್ರತಿ ಅಲ್ಲ ಸ್ವಾಮಿ,” ಎಂದ ಅಂಟಪ್ಪ. “ಒಳ್ಳೇ ಪ್ರತಿ. ಕೆಡಿಸಿದವನು ನಾನು. ಮಗಳ ಮೇಲಿನ ಸಿಟ್ಟಿನಲ್ಲಿ ಮೊದಲ ಫಾರಂ ತಳಕ್ಕೆ ಹಾಕಿ ಹೊಲಿದೆ. ಪುಟಸಂಖ್ಯೆ ನಾನೇ ಕತ್ತರಿಸಿದೆ. ನಮ್ಮ ಅಂಗಡಿಯಲ್ಲಿ ಫಾರಂ ತಪ್ಪಲ್ಲ ಅಂತ ಬೋರ್ಡಿದೆ, ಅದನ್ನ ಇವತ್ತೇ ಇಳಿಸ್ತೀನಿ. ಮೇಡಂಗೇನೂ ಗೊತ್ತಿಲ್ಲ.” ಆಮೇಲೆ ಅಧಿಕಾರಿಯನ್ನೂ ಸಾಹೇಬರನ್ನೂ ಬಿಟ್ಟು ಕೊನೆಯ ಸಾಲಿನ ಕಡೆ ತಿರುಗಿದ. “ತಪ್ಪಾಗಿ ಹೊಲಿದೆ ನಿಜ. ಆದರೆ ಓದಿದೀನಿ. ಇಪ್ಪತ್ತೈದು ಫಾರಂನೂ ಓದಿದೀನಿ.”

ದರ್ಜಿಯ ಅಳಿಯ ಏನೋ ಬರೆದುಕೊಂಡ.

ಲೇಖಕಿ ಕೇಳಿದಳು, “ಹಾಗಾದ್ರೆ ಹೇಳಿ. ಮೊಟ್ಟೆಗೆ ಹೊದಿಸಿದ ಕಂಬಳಿ ಹೇಗಿತ್ತು?”

“ಬೂದು ಬಣ್ಣ. ಒಂದು ಮೂಲೆ ಇಲಿ ಕಡಿದಿತ್ತು. ಆ ಮೂಲೆಯನ್ನ ಹುಡುಗಿ ತನ್ನ ಕಡೆಗೆ ಇಟ್ಕೊಂಡು, ಗಟ್ಟಿ ಇರೋ ಕಡೆ ಮೊಟ್ಟೆಗೆ ಹೊದಿಸಿದಳು.” ಅಂಟಪ್ಪ ಅಂದು ಅಂಟಿಕೊಂಡಿದ್ದ ಕಣ್ಣನ್ನು ಮುಟ್ಟಿ ತೋರಿಸಿದ. “ಅಲ್ಲೇ ನಾನು ಅತ್ತಿದ್ದು.”

“ಆ ಮೂಲೆಯ ವಿಷಯ ಇದುವರೆಗೆ ಯಾರೂ ನನಗೆ ಹೇಳಿಲ್ಲ,” ಎಂದಳು ಲೇಖಕಿ. “ಎಲ್ಲರೂ ಯುದ್ಧದ ಬಗ್ಗೇನೇ ಕೇಳ್ತಾರೆ.” ಅಷ್ಟು ಹೇಳಿ ನಕ್ಕುಬಿಟ್ಟಳು, ಮೇಡಂ ನಕ್ಕರು, ಹಾಲ್ ಪೂರ್ತಿ ನಕ್ಕಿತು. ಅಧಿಕಾರಿಗೆ ನಗಲು ಮೇಲಿನಿಂದ ಆದೇಶವಿರಲಿಲ್ಲವಾದ್ದರಿಂದ ಮತ್ತೆ ಕುರ್ಚಿ ಎಣಿಸಲು ಹೋದರು.

ಜಡ್ಜ್ ಸಾಹೇಬರು ಮಾತ್ರ ಒಪ್ಪಲಿಲ್ಲ. “ಮೂರು ಸಲ ಓದಿದೀನಿ. ನನಗೆ ಸರಿಯಾಗಿಯೇ ಇತ್ತು,” ಎಂದರು. “ಬಿಚ್ಚಕೂಡದು. ತಡೆಯಾಜ್ಞೆ!” ಅವರ ಕೈಯಿಂದ ಪುಸ್ತಕ ಬಿಡಿಸಲು ಇಬ್ಬರು ಬೇಕಾದರು.

ಅಂಟಪ್ಪ ನೇರ ಅಂಗಡಿಗೆ ಹೋದ. ಬೋರ್ಡು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟ. ನೀಲಿ ಬಟ್ಟೆ ಸೀಳಿದ, ಗೋಂದು ನೆನೆಸಿದ, ಹೊಲಿಗೆಯ ದಾರವನ್ನು ಒಂದೊಂದಾಗಿ ಕತ್ತರಿಸಿದ. ಅಷ್ಟು ಗಟ್ಟಿಯಾಗಿ ಹೊಲಿದದ್ದಕ್ಕೆ ತನ್ನನ್ನು ತಾನೇ ಬೈದುಕೊಂಡ. ಇಪ್ಪತ್ತೈದು ಮಡಿಕೆಗಳು ಮೇಜಿನ ಮೇಲೆ ಹರಡಿಕೊಂಡವು. ವರಸೆ ತಿರುವಿ ಹಾಕಿದರೆ ಆಯಿತು. ಆದರೆ ಅವನಿಗೆ ಈಗ ತನ್ನ ಕೈಯ ಮೇಲೇ ನಂಬಿಕೆ ಇರಲಿಲ್ಲ. ಒಂದೊಂದನ್ನೂ ಎತ್ತಿ, ಇಟ್ಟು, ಮತ್ತೆ ಎತ್ತಿ ನೋಡುತ್ತಿದ್ದ. ಊಟದ ಹೊತ್ತು ದಾಟಿ ಮಧ್ಯಾಹ್ನ ಸರಿದುಹೋಯಿತು. ದರ್ಜಿ ಒಮ್ಮೆ ಇಣುಕಿ, ಬಿಸಿಲು ಬೀಳುತ್ತಿದ್ದ ಕಿಟಕಿಯ ಪರದೆ ಎಳೆದು ಹೋದ.

ಬಾಗಿಲು ತೆರೆದಾಗ ಅಂಟಪ್ಪ ತಲೆಯೆತ್ತಲಿಲ್ಲ. ಯಾರೋ ಎದುರಿನ ಸ್ಟೂಲು ಎಳೆದುಕೊಂಡು ಕೂತರು.

“ಅದಲ್ಲ ಅಪ್ಪ. ಅದು ಹತ್ತನೇದು. ಮಂತ್ರವಾದಿಗೆ ಇನ್ನೂ ಗಡ್ಡ ಬಂದಿಲ್ಲ ನೋಡು, ಒಂಬತ್ತು ಇದು.”

“ಹೂಂ,” ಎಂದ ಅಂಟಪ್ಪ. ಹತ್ತನೆಯದನ್ನು ಕೆಳಗಿಟ್ಟು ಒಂಬತ್ತನೆಯದನ್ನು ಎತ್ತಿಕೊಂಡ.

“ಹೊಲಿಯೋದು ಕೊನೇದರಿಂದ ಅಲ್ವಾ?”

“ಕೊನೇದರಿಂದ.”

ಅವಳು ಇಪ್ಪತ್ತೈದನೆಯದನ್ನು ಎತ್ತಿ ಕೊಟ್ಟಳು. ಅವನು ಹೊಲಿದ. ಇಪ್ಪತ್ತನಾಲ್ಕು ಕೊಟ್ಟಳು. ಹೊಲಿದ. ಹೀಗೆ ರಾಣಿ ಮೆಲ್ಲಗೆ ತಳ ಸೇರಿದಳು, ಯುದ್ಧ ಅವಳ ಮೇಲೆ ಕೂತಿತು, ಸೇನಾಪತಿ ಅಜ್ಜಿಯನ್ನು ಬಿಟ್ಟು ತನ್ನ ಕತ್ತಿಯ ಬಳಿಗೆ ಹೋದ. ಹದಿಮೂರನೆಯದರ ಹೊತ್ತಿಗೆ ದಾರ ಸೂಜಿಯ ಕಣ್ಣನ್ನು ಎರಡು ಸಲ ತಪ್ಪಿಸಿಕೊಂಡಿತು. ಮಗಳು ಹನ್ನೆರಡನೆಯ ಮಡಿಕೆಯನ್ನು ಕೊಡಲಿಲ್ಲ. ಗೋಂದಿನ ಪಾತ್ರೆಯನ್ನು ಆಚೆ ಸರಿಸಿ, ಒದ್ದೆ ಬಟ್ಟೆಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಕಾಲ ಬಳಿ ಇಟ್ಟಿದ್ದ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಇನ್ನೂ ಹಬೆಯಾಡುತ್ತಿದ್ದ ಊಟವನ್ನು ಅವನ ಕೈಗಿಟ್ಟಳು.